ತಾತ ತಂದ ಕಿಮೋನೊ

ಜಯನಗರ ಏಳನೇ ಬ್ಲಾಕ್, ಬೆಂಗಳೂರು
೧೨ ನವೆಂಬರ್ ೨೦೨೪

ಪ್ರೀತಿಯ ಮಂಗಳತ್ತೆಗೆ ಮೈತ್ರೇಯಿಯ ನಮಸ್ಕಾರಗಳು.

ಮಂಡಿ ನೋವು ಹೇಗಿದೆ? ಮೈಸೂರಿನಲ್ಲಿ ಆಗಲೇ ಚಳಿಯಂತೆ. ಪೊರೆ ತೆಗೆಸಿದ ಕಣ್ಣಿಗೆ ಮೊಮ್ಮಗಳು ಇಂಚರಾ ಮರೆಯದೆ ಹನಿ ಹಾಕುತ್ತಿದ್ದಾಳೆ ತಾನೆ? ಫೋನಿನಲ್ಲಾದರೆ ನೀವು ಬರೀ ಹೂಂ ಅಂದು ಮುಗಿಸುತ್ತೀರಿ. ಅದಕ್ಕೇ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ನೀವೇ ಓದಿ.

ತಾತ ಜಪಾನಿನಿಂದ ತಂದ ರೇಷ್ಮೆ ಕಿಮೋನೊವನ್ನು ಕೊಟ್ಟುಬಿಟ್ಟೆ ಅತ್ತೆ. ಕೇಳಿದಾಗ "ಯಾರಿಗಾದ್ರೂ ಕೊಡು, ನಂಗೇನು" ಅಂದಿರಿ. ಆ ದನಿ ಇನ್ನೂ ಕಿವಿಯಲ್ಲಿದೆ. ಜೆ.ಪಿ. ನಗರದಲ್ಲಿ ಸಿರಿ ಎಂಬ ಹುಡುಗಿ ಜಪಾನಿ ಭಾಷೆ ಕಲಿಸುತ್ತಾಳೆ, ಎಂಟು ವರ್ಷ ಅಲ್ಲಿದ್ದು ಬಂದವಳು. ಅಲ್ಲಿಯವರ ಉಡುಗೆ, ಊಟ, ಬಾಗಿ ವಂದಿಸುವ ರೀತಿ ಎಲ್ಲವನ್ನೂ ಹೇಳಿಕೊಡುತ್ತಾಳೆ. ಈ ಸಲ ಗೊಂಬೆ ಇಳಿಸಿ ಅದನ್ನು ಮಡಿಸುವಾಗ ಮಡಿಕೆಯ ಗೆರೆಯಲ್ಲಿ ರೇಷ್ಮೆ ಬಿರಿಯುತ್ತಿರುವುದು ಕಂಡಿತು. ಟ್ರಂಕಿನಲ್ಲಿ ಸವೆಯುವುದಕ್ಕಿಂತ ಕಲಿಯುವ ಮಕ್ಕಳ ಕಣ್ಣೆದುರು ಇರಲಿ ಅನ್ನಿಸಿತು.

ನಿಮಗೆ ನೆನಪಿರಬೇಕು, ಅಜ್ಜಿ ಅದರ ತೋಳಿಗೆ ಬಿದಿರುಕೋಲು ತೂರಿಸಿ ಪಟ್ಟದ ಗೊಂಬೆಗಳ ಹಿಂದೆ ಹರಡುತ್ತಿದ್ದದ್ದು. ಮಳೆ ಬರುವ ಮುಂಚಿನ ಆಕಾಶದ ಬಣ್ಣ, ಅದರ ತುಂಬ ಬಿಳಿ ಕೊಕ್ಕರೆಗಳು. ಆರತಿಯ ಬೆಳಕು ಅಲುಗಿದರೆ ಅವು ಎಲ್ಲಿಗೋ ಹೊರಟಂತೆ ಕಾಣುತ್ತಿದ್ದವು. ಅರಿಶಿನ ಕುಂಕುಮಕ್ಕೆ ಬಂದವರು "ಇದ್ಯಾರ ಅಂಗೀರಿ, ಇಷ್ಟುದ್ದ?" ಅನ್ನುತ್ತಿದ್ದರು. ರೇಷ್ಮೆ ಇಲಾಖೆಯಿಂದ ತರಬೇತಿಗೆ ಹೋದ ತಾತನಿಗೆ, ಅವರಿದ್ದ ಮನೆಯ ಮುದುಕಿ ತನ್ನ ತಾಯಿಯದನ್ನೇ ತೆಗೆದು "ನಿನ್ನ ಮಗಳಿಗೆ" ಅಂತ ಕೊಟ್ಟಳಂತೆ. ಮಗಳು ಅಂದರೆ ನೀವೇ. ಆದರೆ ನೀವು ಅದನ್ನು ಉಟ್ಟದ್ದು ಒಂದೇ ಸಲ, ಹದಿನಾಲ್ಕರ ವಯಸ್ಸಿನಲ್ಲಿ. ಕೋಣೆಯ ಬಾಗಿಲು ಹಾಕಿಕೊಂಡು ಉಟ್ಟು, ತಾತನಿಗೆ ತೋರಿಸಲು ಹಜಾರಕ್ಕೆ ಓಡಿ ಬಂದಿರಿ. ತಾತ ಪೇಪರ್ ಎಸೆದು ಎದ್ದು "ಬಿಚ್ಚೇ ಅದನ್ನ! ಈಗಲೇ ಬಿಚ್ಚು!" ಎಂದು ಕೂಗಿದರಂತೆ. "ಅಪ್ಪ ನನ್ನ ಬೈದಿದ್ದು ಅದೊಂದೇ ಸಲ ಕಣೆ. ನಾನು ಮುಟ್ಟಿದ್ರೆ ಹಾಳಾಗತ್ತೆ ಅನ್ಕೊಂಡ್ರೇನೋ" ಎಂದು ನೀವು ನಗುತ್ತಲೇ ನನಗೆ ಹೇಳಿದ್ದಿರಿ. ಮದುವೆಯಲ್ಲಿ ಅಜ್ಜಿ ಅದನ್ನು ನಿಮ್ಮ ಪೆಟ್ಟಿಗೆಯಲ್ಲಿ ಇಟ್ಟರೆ, ತೆಗೆದು ವಾಪಸ್ ಇಟ್ಟು ಹೋದಿರಿ.

ಮೊನ್ನೆ ಕೊಡುವ ಮುಂಚೆ ಸಿರಿ "ಒಂದ್ಸಲ ಹಾಕ್ಕೊಳಿ ಆಂಟಿ, ಆಸೆ ಇರತ್ತಲ್ವಾ" ಅಂದಳು. ಹಾಕಿಕೊಂಡೆ. ಮುಂದೆ ಗುಂಡಿಯಿಲ್ಲ, ಒಂದು ಅಂಚಿನ ಮೇಲೆ ಇನ್ನೊಂದನ್ನು ತಂದು ಸುತ್ತಿಕೊಳ್ಳಬೇಕು. ಕೈ ತನ್ನಷ್ಟಕ್ಕೆ ತಾನು ಬಲಗಡೆಯ ಅಂಚನ್ನು ಎದೆಯ ಮೇಲಿಂದ ಎಡಕ್ಕೆ ಎಳೆಯಿತು, ಸೆರಗು ಹಾಕಿ ರೂಢಿಯಾದ ಕೈ ಅಲ್ಲವೇ? ಸಿರಿ ಓಡಿ ಬಂದು ಕೈ ಹಿಡಿದಳು. "ಅಯ್ಯೋ, ಹಾಗಲ್ಲ ಆಂಟಿ! ಎಡಗಡೇದು ಮೇಲೆ ಬರ್ಬೇಕು. ಬಲಗಡೇದು ಮೇಲೆ ತರೋದು ತೀರ್ಕೊಂಡೋರಿಗೆ ಮಾತ್ರ."

ತಕ್ಷಣ ನೀವು ಹೇಳಿದ್ದು ನೆನಪಾಯಿತು. ಲಂಗ ದಾವಣಿ ಉಡುತ್ತಿದ್ದ ಹದಿನಾಲ್ಕರ ಹುಡುಗಿ ಮತ್ತೆ ಹೇಗೆ ಸುತ್ತಿಕೊಂಡಿರುತ್ತಾಳೆ ಅತ್ತೆ? ತಾತ ಆ ಊರಿನಲ್ಲಿ ಆರು ತಿಂಗಳಿದ್ದವರು, ಅವರಿಗೆ ಅದು ಗೊತ್ತಿತ್ತು. ಬಾಗಿಲಲ್ಲಿ ನಗುತ್ತಾ ನಿಂತ ಮಗಳು ಅವರ ಕಣ್ಣಿಗೆ ಹೇಗೆ ಕಂಡಿರಬಹುದು! ಕಾರಣ ಹೇಳೋಣವೆಂದರೆ ಆ ಮಾತನ್ನು ಮಗಳ ಹೆಸರಿನ ಜೊತೆ ಸೇರಿಸಿ ಆಡಬೇಕು. ನಮ್ಮ ಮನೆಯಲ್ಲಿ ಅಂಥ ಮಾತು ಯಾರ ಬಾಯಲ್ಲಿ ಬರುತ್ತಿತ್ತು? ಬೈಗುಳವಾಗಿಯೇ ಉಳಿಯಲಿ ಎಂದು ಬಿಟ್ಟರು. ಅರವತ್ತನಾಲ್ಕು ವರ್ಷ ನೀವು ಅದನ್ನು ಕೋಪವೆಂದುಕೊಂಡಿರಿ. ಅದು ಭಯ ಅತ್ತೆ, ಬರೀ ಭಯ.

ಇಂಚರಾಗೆ ನನ್ನ ಮುದ್ದು. ನಿಮ್ಮ ಕಾಲಿಗೆ ಇಲ್ಲಿಂದಲೇ ನಮಸ್ಕಾರ.

ನಿಮ್ಮ
ಮೈತ್ರಿ

ಮರೆತಿದ್ದೆ: ಸಿರಿಯ ತರಗತಿ ೨೩ರ ಶನಿವಾರ. ಮಕ್ಕಳ ಮುಂದೆ ಅದನ್ನು ಮೊದಲು ಉಡುವವರು ನೀವೇ ಎಂದು ಹೇಳಿ ಬಂದಿದ್ದೇನೆ. ಹಿಂದಿನ ದಿನ ಶುಕ್ರವಾರ ನನ್ನ ತಮ್ಮ ವಿಷ್ಣು ಕಾರು ತರುತ್ತಾನೆ. ಮಂಡಿಯ ನೆಪ ಬೇಡ, ನೀವು ಸುಮ್ಮನೆ ನಿಂತರೆ ಸಾಕು. ಎಡಗಡೆಯದನ್ನು ಮೇಲೆ ತರುವುದು ನನ್ನ ಕೆಲಸ.