ಸತ್ತವನಿಗೆ ಸಿಕ್ಕ ಪರವಾನಗಿ

ಗಡಿಯೊಳಗೆ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ತೀರ್ಮಾನಿಸುವ ಕಚೇರಿಯ ಮಾನ್ಯ ನಿರ್ದೇಶಕರೇ,

ನನ್ನ ತಮ್ಮ ಅನ್ಸೆಲ್ಮೊ ಕ್ವಿಂತಾನಾರ್ ಗಡಿ ಸೇತುವೆ ದಾಟಿ ನಮ್ಮೂರು ಎಲ್ ಪಾಸೊಗೆ ಬರಲು ನಿಮ್ಮ ಕಚೇರಿಯ ಅಭ್ಯಂತರವಿಲ್ಲ ಎಂಬ ಪತ್ರ ಕಳೆದ ಸೋಮವಾರ ನಮ್ಮ ಕೈ ಸೇರಿತು. ಹದಿಮೂರು ವರ್ಷಗಳಿಂದ ಕಾಯುತ್ತಿದ್ದ ಪತ್ರ. ಕೆಳಗೆ ನಿಮ್ಮದೇ ಸಹಿ, ಪಕ್ಕದಲ್ಲಿ ದುಂಡನೆಯ ಮೊಹರು, ಎಲ್ಲವೂ ಅಚ್ಚುಕಟ್ಟು. ಒಂದೇ ಒಂದು ಸಣ್ಣ ಕೊರತೆಯೆಂದರೆ, ಆ ಹೊತ್ತಿಗೆ ಅವನು ಸತ್ತು ಆರು ದಿನವಾಗಿತ್ತು. ಇದು ನಿಮಗೂ ಗೊತ್ತು. ಸತ್ತದ್ದಕ್ಕೇ ಅಲ್ಲವೇ ನೀವು ಅನುಮತಿ ಕೊಟ್ಟದ್ದು? ಮಾಜಿ ಸೈನಿಕನ ಪಾರ್ಥಿವ ಶರೀರವನ್ನು ಸಕಲ ಸೇನಾ ಗೌರವಗಳೊಂದಿಗೆ ರಾಷ್ಟ್ರೀಯ ಸ್ಮಶಾನದಲ್ಲಿ ಸಮಾಧಿ ಮಾಡಲು ತರಬಹುದು ಎಂದು ಪತ್ರ ಹೇಳುತ್ತದೆ. ಉಸಿರಾಡುತ್ತಿದ್ದ ಅನ್ಸೆಲ್ಮೊನನ್ನು ಕತ್ತು ಹಿಡಿದು ಹೊರದಬ್ಬಿದ ದೇಶಕ್ಕೆ ಈಗ ಉಸಿರು ನಿಂತ ಅನ್ಸೆಲ್ಮೊ ಬೇಕಾಗಿದ್ದಾನೆ. ಬದುಕಿದ್ದಾಗ ಬಾಗಿಲು ಹಾಕಿಕೊಂಡು, ಸತ್ತ ಮೇಲೆ ಕಹಳೆ ಊದಿಸಿ ಕರೆಯುವ ಈ ಪದ್ಧತಿಯನ್ನು ಕಂಡುಹಿಡಿದ ಪುಣ್ಯಾತ್ಮ ಯಾರು, ಮಾನ್ಯರೇ?

ಈ ಪತ್ರವನ್ನು ನಿಮ್ಮ ಕಚೇರಿಗೆ ಕಳಿಸದೆ ಪತ್ರಿಕೆಗೆ ಕೊಡುತ್ತಿದ್ದೇನೆ. ನಿಮ್ಮ ಕಚೇರಿಗೆ ಕಳಿಸಿದ ಪತ್ರಗಳ ಗತಿ ನನಗೆ ಚೆನ್ನಾಗಿ ಗೊತ್ತಿದೆ. ಇಂಥ ಪತ್ರ ಬರೆಯುವವರು ಸಾಮಾನ್ಯವಾಗಿ ತಮಗೆ ನ್ಯಾಯ ಬೇಕು ಎನ್ನುತ್ತಾರೆ. ಅದು ಮರ್ಯಾದಸ್ಥರ ಮಾತು. ನನಗೆ ಬೇಕಾಗಿರುವುದು ಸೇಡು. ಇಪ್ಪತ್ತೈದು ವರ್ಷಗಳಿಂದ ಈ ಊರಿನವರ ತಲೆಗೂದಲು ಕತ್ತರಿಸಿ ಬದುಕುತ್ತಿರುವವಳು ನಾನು. ಕಳೆದ ಹತ್ತು ದಿನಗಳಿಂದ ನನ್ನ ಅಂಗಡಿಯ ಕುರ್ಚಿಯಲ್ಲಿ ಯಾರು ಕೂತು ಕತ್ತು ಬಗ್ಗಿಸಿದರೂ ಅದು ನಿಮ್ಮ ಕತ್ತೆಂದೇ ಅಂದುಕೊಳ್ಳುತ್ತಿದ್ದೇನೆ. ಗಾಬರಿಯಾಗಬೇಡಿ, ಕತ್ತರಿ ಕೂದಲಿನಿಂದ ಕೆಳಗಿಳಿಯುವುದಿಲ್ಲ. ಆದರೆ ಅರ್ಧ ತಲೆ ಬೋಳಿಸಿ, 'ಉಳಿದರ್ಧಕ್ಕೆ ಅರ್ಜಿ ಹಾಕಿ, ಪರಿಶೀಲಿಸುತ್ತೇವೆ' ಎಂದು ನಿಮ್ಮನ್ನು ಪೇಟೆ ಬೀದಿಗೆ ಕಳಿಸುವ ದೃಶ್ಯ ಕಣ್ಣಿಗೆ ಕಟ್ಟಿದಾಗ ಹೊಟ್ಟೆ ಸ್ವಲ್ಪ ತಣ್ಣಗಾಗುತ್ತದೆ.

ಈ ಅನರ್ಥ ಶುರುವಾದದ್ದೂ ಅದೇ ಅಂಗಡಿಯಲ್ಲಿ. ನ್ಯೂಯಾರ್ಕಿನ ಗೋಪುರಗಳು ಉರುಳಿ ಆರು ತಿಂಗಳಾಗಿತ್ತು. ಊರಿನ ಒಂದೊಂದು ಜಗಲಿಯಲ್ಲೂ ಬಾವುಟ. ಸೈನ್ಯಕ್ಕೆ ಹುಡುಗರನ್ನು ಸೇರಿಸುವ ಸಾರ್ಜೆಂಟನೊಬ್ಬ ಹದಿನೈದು ದಿನಕ್ಕೊಮ್ಮೆ ನನ್ನ ಬಳಿ ಕೂದಲು ಕತ್ತರಿಸಿಕೊಳ್ಳಲು ಬರುತ್ತಿದ್ದ. ನನ್ನನ್ನು ಮನೆಗೆ ಕರೆದೊಯ್ಯಲು ಬಂದಿದ್ದ ಅನ್ಸೆಲ್ಮೊ ಬೆಂಚಿನ ಮೇಲೆ ಕೂತಿದ್ದ. ಆಗ ಅವನಿಗೆ ಹತ್ತೊಂಬತ್ತು.

"ಏನಯ್ಯಾ, ಇಷ್ಟು ಎತ್ತರ ಬೆಳ್ದಿದೀಯ, ಇಲ್ಲಿ ಅಕ್ಕನ ಕತ್ತರಿ ಕಾಯ್ಕೊಂಡು ಕೂತಿದೀಯಲ್ಲ?" ಎಂದ ಸಾರ್ಜೆಂಟ್ ಕನ್ನಡಿಯಲ್ಲೇ ಅವನನ್ನು ನೋಡುತ್ತಾ.

"ನಾನು ಇಲ್ಲಿ ಹುಟ್ಟಿದವ್ನಲ್ಲ ಸರ್. ನಾಲ್ಕು ವರ್ಷದವ್ನಿದ್ದಾಗ ಅಪ್ಪ ಕರ್ಕೊಂಡು ಬಂದ್ರು. ಗ್ರೀನ್ ಕಾರ್ಡು, ಅಷ್ಟೇ."

"ಅದಕ್ಕೇನೀಗ? ಬಲಗೈ ಎತ್ತಿ ಪ್ರಮಾಣ ಮಾಡಿದ್ಯೋ, ಆ ಗಳಿಗೇಲೇ ನೀನು ಅಮೆರಿಕನ್. ನನ್ನಷ್ಟೇ ಅಮೆರಿಕನ್. ಪ್ರಾಣ ಕೊಡ್ತೀನಿ ಅಂತ ಬಂದವ್ನ ಹತ್ರ ಯಾರಪ್ಪಾ ಕಾಗದ ಕೇಳ್ತಾರೆ?"

ಮೂಗಿಗೆ ತುಪ್ಪ ಸವರುವುದೆಂದರೆ ಇದೇ. ಆದರೆ ಆಗ ನನಗೆ ಬರೀ ತುಪ್ಪದ ವಾಸನೆ ಬಂತು. ನಮ್ಮ ಅಮ್ಮ ಎಫ್ರೊಸಿನಾಗೆ ಇಂಗ್ಲಿಷ್ ಬರುವುದಿಲ್ಲ. ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದವಳ ಮುಂದೆ ನಿಂತು ಸಾರ್ಜೆಂಟನ ಮಾತನ್ನು ಅಕ್ಷರ ಬಿಡದೆ ಸ್ಪ್ಯಾನಿಷ್‌ನಲ್ಲಿ ಒಪ್ಪಿಸಿದವಳು ನಾನೇ. ಅಮ್ಮ ಕೈ ತೊಳೆದುಕೊಂಡು ಬಂದು ಅನುಮತಿ ಕೊಟ್ಟಳು. ನೀವು ನಗಬಹುದು. ಪ್ರಮಾಣ ಬೇರೆ, ಪೌರತ್ವ ಬೇರೆ, ಅದಕ್ಕೆ ಪ್ರತ್ಯೇಕ ಅರ್ಜಿಯುಂಟು, ಓದುಬರಹ ಬಲ್ಲವರಿಗೆ ಇಷ್ಟೂ ತಿಳಿಯದೇ ಎನ್ನಬಹುದು. ನಮ್ಮ ಓಣಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಪ್ರಮಾಣವೆಂದರೆ ನಮ್ಮವರಿಗೆ ಮದುವೆಯಿದ್ದಂತೆ. ಪಾದ್ರಿಯ ಮುಂದೆ 'ಹೌದು' ಎಂದ ಮೇಲೆ ಗಂಡ ಗಂಡನೇ, ಹೆಂಡತಿ ಹೆಂಡತಿಯೇ. ನಮ್ಮ ಓಣಿಯಿಂದಲೇ ಐದು ಹುಡುಗರು ಹೀಗೆ ಕೈ ಎತ್ತಿ, ತಾವು ಅಮೆರಿಕನ್ನರಾದೆವೆಂದು ನಂಬಿ ಯುದ್ಧಕ್ಕೆ ಹೋದರು.

ಅನ್ಸೆಲ್ಮೊ ಎರಡು ಬಾರಿ ಇರಾಕಿಗೆ ಹೋದ. ಎರಡನೆಯ ಬಾರಿ ರಸ್ತೆಬದಿಯ ಬಾಂಬು ಅವನ ವಾಹನವನ್ನು ಮಗುಚಿತು. ಎದೆಯಲ್ಲಿ ಎರಡು ಲೋಹದ ಚೂರು, ಎದೆಯ ಮೇಲೊಂದು ಪದಕ. ಆ ಪದಕವನ್ನು ಚುಚ್ಚಿದ ದೊಡ್ಡ ಅಧಿಕಾರಿ ಅವನ ಬಳಿ ಕಾಗದ ಕೇಳಲಿಲ್ಲ. ಮನೆಗೆ ಬಂದವನು ಮೊದಲಿನ ಅನ್ಸೆಲ್ಮೊ ಆಗಿರಲಿಲ್ಲ. ಕುಡಿಯುತ್ತಿದ್ದ. ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿರಲಿಲ್ಲ. ಒಂದು ಮಧ್ಯಾಹ್ನ ಬಿಲಿಯರ್ಡ್ಸ್ ಆಡುವ ಜಾಗದಲ್ಲಿ ಹಾಲಿಸ್ ಟಿಡ್ವೆಲ್ ಎಂಬ ಟೈರ್ ಅಂಗಡಿಯವನ ದವಡೆ ಮುರಿದ. ಅವನು ಮಾಡಿದ್ದು ಸರಿ ಎಂದು ನಾನು ಹೇಳುವುದಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಅವನೂ ಹದಿನೆಂಟು ತಿಂಗಳು ಜೈಲಿನಲ್ಲಿ ಕುಡಿದ. ಬಿಡುಗಡೆಯ ದಿನ ಹೊಸ ಅಂಗಿ ಹಿಡಿದು ಜೈಲಿನ ಬಾಗಿಲಿಗೆ ಹೋದರೆ, ಅವನು ಹಿಂದಿನ ಬಾಗಿಲಿನಿಂದ ನಿಮ್ಮವರ ವ್ಯಾನು ಹತ್ತಿಯಾಗಿತ್ತು. ವಿಚಾರಣೆಯಲ್ಲಿ 'ಯಾವ ದೇಶದವನು?' ಎಂದು ಕೇಳಿದಾಗ ನನ್ನ ತಮ್ಮ, "ಇದೇ ದೇಶದವ್ನು ಸರ್, ಪ್ರಮಾಣ ಮಾಡಿದೀನಲ್ಲ" ಎಂದನಂತೆ. ಗುಮಾಸ್ತನೊಬ್ಬ ಕಿಸಕ್ಕನೆ ನಕ್ಕನಂತೆ. ಇಲ್ಲೇ ಹುಟ್ಟಿದ ಸೈನಿಕ ಅದೇ ದವಡೆಯನ್ನು ಮುರಿದಿದ್ದರೆ ಹದಿನೆಂಟು ತಿಂಗಳಿಗೆ ಮನೆಗೆ ಬರುತ್ತಿದ್ದ. ನನ್ನ ತಮ್ಮನಿಗೆ ನ್ಯಾಯಾಧೀಶರು ಕೊಟ್ಟ ಶಿಕ್ಷೆ ಮುಗಿದ ಮೇಲೆ ನಿಮ್ಮ ಶಿಕ್ಷೆ ಶುರುವಾಯಿತು, ಮತ್ತು ಅದಕ್ಕೆ ಮುಗಿಯುವ ತಾರೀಖು ಇರಲಿಲ್ಲ.

ಗಡೀಪಾರು ಮಾಡಿ ಎಲ್ಲಿಗೆ ಕಳಿಸಿದಿರಿ? ಹ್ವಾರೆಸ್‌ಗೆ. ಗಡಿಯಾಚೆ, ಅವನು ಹುಟ್ಟಿದ ದೇಶದ ಊರು; ನಮ್ಮ ಮನೆಯಿಂದ ನಾಲ್ಕು ಮೈಲಿ, ನಡುವೆ ಒಂದು ಸೇತುವೆ. ಅಮ್ಮ ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿಸಿ, ಜೋಳದ ಹಿಟ್ಟಿನ ಕಡುಬಿನಂಥ ತಮಾಲೆಯ ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಸೇತುವೆ ದಾಟುತ್ತಿದ್ದಳು. ಅವಳು ಹೋಗಬಹುದು, ಅವನು ಬರುವಂತಿಲ್ಲ. 2015ರಲ್ಲಿ ಅಪ್ಪ ತೀರಿಕೊಂಡ. ಎರಡೇ ದಿನ ಬಿಡಿ, ಕೈಗೆ ಕೋಳ ಹಾಕಿಯಾದರೂ ಸರಿ, ಅಪ್ಪನಿಗೆ ಮಣ್ಣು ಹಾಕಲಿ ಎಂದು ಅರ್ಜಿ ಕೊಟ್ಟೆವು. 'ತುರ್ತು ಮಾನವೀಯ ಕಾರಣ ಕಂಡುಬರುವುದಿಲ್ಲ' ಎಂದು ನಿಮ್ಮ ಉತ್ತರ ಬಂತು. ಅಪ್ಪನ ಶವವಾಹನವನ್ನು ನದಿ ಪಕ್ಕದ ಹೆದ್ದಾರಿಯಲ್ಲಿ ನಿಧಾನ ಓಡಿಸಿದೆವು. ಅಮ್ಮನಿಗೆ ಗುರುತು ಸಿಗಲೆಂದು ಬಿಳಿ ಅಂಗಿ ಹಾಕಿಕೊಂಡು ಆಚೆ ದಡದಲ್ಲಿ ನಿಂತಿರುತ್ತೇನೆ ಎಂದಿದ್ದ ಅನ್ಸೆಲ್ಮೊ. ಅಲ್ಲಿ ಬಿಳಿ ಅಂಗಿಯವರು ಮೂವರು ನಿಂತಿದ್ದರು. "ಒತಿಲಿಯಾ, ನಮ್ಮವ್ನು ಯಾರೇ? ಬೇಗ ಹೇಳೇ, ಕಾರು ಮುಂದೆ ಹೋಗ್ತಿದೆ" ಎಂದು ಅಮ್ಮ ನನ್ನ ತೋಳು ಹಿಸುಕುತ್ತಿದ್ದಳು. ನನಗೂ ಗೊತ್ತಾಗಲಿಲ್ಲ. ಸುಮ್ಮನೆ ಒಬ್ಬನನ್ನು ತೋರಿಸಿದೆ.

ಆಮೇಲೆ ಅಮ್ಮನ ಸೊಂಟದ ಮೂಳೆ ಮುರಿದು ಸೇತುವೆಯ ನಡಿಗೆ ನಿಂತಿತು. ಮಗ ಒಮ್ಮೆ ಬಂದು ನೋಡಲಿ ಎಂದು ಕೇಳಿದೆವು. ಮತ್ತೆ ಅದೇ ಸಾಲು, ಅಲ್ಪವಿರಾಮ ಕೂಡ ಬದಲಾಗಿರಲಿಲ್ಲ. ಹೋದ ವರ್ಷ ಅವನ ಎದೆಯ ಹಳೆಯ ಗಾಯ ಹೃದಯಕ್ಕೂ ತೊಂದರೆ ಕೊಡತೊಡಗಿತು. ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವ ಹಕ್ಕು ಅವನಿಗೆ ಇದ್ದೇ ಇತ್ತು. ಅದನ್ನು ನೀವೂ ಕಿತ್ತುಕೊಂಡಿರಲಿಲ್ಲ. ಆಸ್ಪತ್ರೆ ಸೇತುವೆಯ ಈಚೆ ಇತ್ತು, ಅಷ್ಟೇ. ಫೋನಿನಲ್ಲಿ ನಗುತ್ತಿದ್ದ. "ಅಕ್ಕಾ, ನನ್ನ ತಾರಸಿ ಮೇಲೆ ನಿಂತ್ರೆ ಆಸ್ಪತ್ರೆ ಕಾಣುತ್ತೆ ಕಣೇ. ಡಾಕ್ಟ್ರಿಗೆ ಒಂದು ದುರ್ಬೀನು ಕೊಡ್ಸು, ಅಲ್ಲಿಂದ್ಲೇ ಎದೆ ನೋಡ್ಲಿ" ಎನ್ನುತ್ತಿದ್ದ.

ಚಿಕಿತ್ಸೆಗಾದರೂ ಬಿಡಿ ಎಂದು ನಾವು ಕೊಟ್ಟ ಮೂರನೆಯ ಅರ್ಜಿಯ ಜೊತೆ ಹಾಲಿಸ್ ಟಿಡ್ವೆಲ್ ತಾನಾಗಿಯೇ ಒಂದು ಪತ್ರ ಬರೆದುಕೊಟ್ಟಿದ್ದ. ಹೌದು, ದವಡೆ ಮುರಿಸಿಕೊಂಡವನೇ. ಅಂಗಡಿಗೆ ಬಂದು, ಟೋಪಿ ತೆಗೆದು, "ನೋಡು ಒತಿಲಿಯಾ, ಮುರಿದಿದ್ದು ನನ್ ದವಡೆ. ಆರು ವಾರಕ್ಕೆ ಕೂಡ್ಕೊಳ್ತು, ನಾನೇ ಮರ್ತುಬಿಟ್ಟೆ. ಈ ಆಫೀಸಿನವ್ರದ್ದು ಏನು ಮುರ್ದಿತ್ತಂತೆ, ಇಷ್ಟು ವರ್ಷ ಆದ್ರೂ ಕೂಡ್ಕೊಳ್ತಾನೇ ಇಲ್ವಲ್ಲ?" ಎಂದ. ಪತ್ರದಲ್ಲೂ ಅದನ್ನೇ ಬರೆದ. ನೀವು ಓದಿದಿರಾ? ಓದಿದ್ದರೆ ನಾಚಿಕೆಯಾಗಲಿಲ್ಲವೇ? ಓದದಿದ್ದರೆ ಸಂಬಳ ಯಾವುದಕ್ಕೆ? ಎಂಟು ತಿಂಗಳ ನಂತರ ಅದೇ ಸಾಲು ಬಂತು. ಅದು ಬಂದ ಮೂರನೇ ವಾರ, ಮಂಗಳವಾರ ಬೆಳಿಗ್ಗೆ, ಹಿಲಾರಿಯೊ ಫೋನ್ ಮಾಡಿದ. ಅವನೂ ನಿಮ್ಮ ಕಚೇರಿ ಹೊರಗಟ್ಟಿದ ಮಾಜಿ ಸೈನಿಕ, ತಮ್ಮನ ಪಕ್ಕದ ಕೋಣೆಯವನು. "ಅಕ್ಕಾ, ಕಾಫಿ ಕುಡಿಯೋಕೆ ಕರೆದೆ, ಏಳ್ಲಿಲ್ಲ" ಎಂದ.

ಇಷ್ಟಾದ ಮೇಲೆ ನಿಮ್ಮ ಅಭ್ಯಂತರವಿಲ್ಲದ ಪತ್ರ. ಅದನ್ನು ಹರಿದು ಒಲೆಗೆ ಹಾಕಲು ಹೋದೆ. "ಅವ್ರ ಮಣ್ಣೂ ಬೇಡ, ಮರ್ಯಾದೇನೂ ಬೇಡಮ್ಮ. ಹ್ವಾರೆಸ್‌ನಲ್ಲೇ ಮಣ್ಣು ಮಾಡೋಣ" ಎಂದೆ. ಅಮ್ಮ ನನ್ನ ಕೈಯಿಂದ ಪತ್ರ ಕಿತ್ತುಕೊಂಡಳು.

"ನಿಂಗೇನೇ, ಎರಡು ಕಾಲಿವೆ, ಬೇಕಾದಾಗ ಹೋಗಿ ಹೂವು ಇಟ್ಟು ಬರ್ತೀಯ. ನಾನು? ಬದುಕಿದ್ದಾಗ ಅವ್ರು ನೋಡೋಕೆ ಬಿಡ್ಲಿಲ್ಲ, ಸಮಾಧೀನೂ ನೋಡ್ದ ಹಾಗೆ ನೀನು ಮಾಡ್ತೀಯಾ?"

ನಾನು ಒಲೆ ಆರಿಸಿದೆ. ಎಲ್ಲವನ್ನೂ ನುಂಗಿಕೊಂಡು ಅಮ್ಮ ನಿಮ್ಮ ಔದಾರ್ಯಕ್ಕೆ ತಲೆಬಾಗಿದಳು ಎಂದೇ ತಿಳಿದೆ. ಅಮ್ಮನನ್ನು ನಾನು ಅರಿತಿರಲಿಲ್ಲ.

ಮೊನ್ನೆ ಸೈನ್ಯದಿಂದ ಒಬ್ಬ ಲೆಫ್ಟಿನೆಂಟ್ ಹೆಣ್ಣುಮಗಳು ಮನೆಗೆ ಬಂದಿದ್ದಳು. ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು, ಮೆದು ಮಾತು. ಸಮಾಧಿಯ ದಿನ ಏನೇನು ನಡೆಯುತ್ತದೆ ಎಂದು ವಿವರಿಸಿದಳು. ನಾನು ಅಮ್ಮನಿಗೆ ತಿಳಿಸುತ್ತಾ ಹೋದೆ. ಬಂದೂಕು ಹಾರಿಸುತ್ತಾರೆ, ಕಹಳೆ ಊದುತ್ತಾರೆ, ಶವಪೆಟ್ಟಿಗೆಯ ಮೇಲಿನ ಬಾವುಟವನ್ನು ಮುಕ್ಕೋನವಾಗಿ ಮಡಿಸುತ್ತಾರೆ. ಆಮೇಲೆ ಒಬ್ಬರು ತಾಯಿಯ ಮುಂದೆ ಮಂಡಿಯೂರಿ, 'ಕೃತಜ್ಞ ರಾಷ್ಟ್ರದ ಪರವಾಗಿ' ಎಂದು ಹೇಳಿ ಬಾವುಟವನ್ನು ಅವಳ ಕೈಗೆ ಒಪ್ಪಿಸುತ್ತಾರೆ. ಅಮ್ಮ ಅಲ್ಲಿಗೆ ನಿಲ್ಲಿಸಿದಳು.

"ಮಂಡಿ ಊರೋದು ಯಾರು?"

"ನಾನೇ, ಅಮ್ಮಾ" ಎಂದಳು ಲೆಫ್ಟಿನೆಂಟ್.

"ನೀನ್ಯಾಕೆ ಮಗಳೇ? ನೀನೇನು ತಪ್ಪು ಮಾಡಿದೀಯ? ಬೇಡ, ಬೇಡ, ಬೇಡ ಅಂತ ಮೂರು ಸಲ ಬರೆದವ್ನು ಒಬ್ಬ ಇದಾನಲ್ಲ, ಅವನಿಗೆ ಮಂಡಿ ಇಲ್ವಾ?"

ಲೆಫ್ಟಿನೆಂಟ್ ನನ್ನ ಮುಖ ನೋಡಿದಳು. ಮಾತನ್ನು ಮೆದು ಮಾಡದೆ ಇದ್ದಂತೆಯೇ ಹೇಳಿದೆ. ಅವಳು, "ಮಡಿಸೋದು ನಾವೇ ಮಡಿಸ್ಬೇಕು. ಮನೆಯವ್ರು ಕೇಳ್ಕೊಂಡ್ರೆ ಒಪ್ಪಿಸೋದನ್ನ ಬೇರೆಯವ್ರೂ ಮಾಡ್ಬೋದು. ಇಲ್ಲೀವರೆಗೂ ಯಾರೂ ಹಾಗೆ ಕೇಳಿಲ್ಲ" ಎಂದಳು.

"ನಾನು ಕೇಳ್ತಿದೀನಿ" ಎಂದಳು ಅಮ್ಮ.

ಆದ್ದರಿಂದ ನಮ್ಮ ಬೇಡಿಕೆ ಇದು. ಬರುವ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ನೀವು ಎಲ್ ಪಾಸೊದ ರಾಷ್ಟ್ರೀಯ ಸ್ಮಶಾನಕ್ಕೆ ಬರಬೇಕು. ಸಹಾಯಕರನ್ನು ಕಳಿಸಬಾರದು, ಹೂಗುಚ್ಛ ಕಳಿಸಿ ಕೈ ತೊಳೆದುಕೊಳ್ಳಬಾರದು. ಖುದ್ದಾಗಿ ಬಂದು, ನನ್ನ ತಾಯಿಯ ಮುಂದೆ ಮಂಡಿಯೂರಿ, ನನ್ನ ತಮ್ಮನ ಪೂರ್ತಿ ಹೆಸರು ಹೇಳಿ, ಕೃತಜ್ಞ ರಾಷ್ಟ್ರದ ಆ ಮಾತನ್ನು ನಿಮ್ಮ ಬಾಯಿಂದಲೇ ಆಡಬೇಕು. ಎರಡು ನಿಮಿಷದ ಕೆಲಸ. ಬರದಿದ್ದರೆ ಬಾವುಟ ಆ ಲೆಫ್ಟಿನೆಂಟ್ ಹೆಣ್ಣುಮಗಳ ತೋಳಿನಲ್ಲೇ ಉಳಿಯುತ್ತದೆ, ಮತ್ತು ನಿಮ್ಮ ಮೂರೂ ಪತ್ರಗಳನ್ನು ಹಾಲಿಸ್ ಟಿಡ್ವೆಲ್ ಮೈಕಿನ ಮುಂದೆ ನಿಂತು ಓದುತ್ತಾನೆ, ನಿಮ್ಮ ಹೆಸರು, ಹುದ್ದೆ, ತಾರೀಖು ಸಮೇತ. ಅವನ ದವಡೆ ಈಗ ಚೆನ್ನಾಗಿದೆ, ದನಿಯೂ ದೊಡ್ಡದು. ಊರಿನ ಪತ್ರಿಕೆಯವರಿಗೆ ಹೇಳಿದ್ದೇವೆ. ನಮ್ಮ ಓಣಿಯಿಂದ ಕೈ ಎತ್ತಿ ಹೋದ ಐದು ಹುಡುಗರ ಮನೆಯವರೂ ಬರುತ್ತಾರೆ.

ಬರುವುದಾದರೆ ಗಟ್ಟಿ ಬಟ್ಟೆಯ ಪ್ಯಾಂಟು ಹಾಕಿಕೊಂಡು ಬನ್ನಿ. ನಮ್ಮದು ಮರಳುಗಾಡಿನ ಊರು, ಆ ಸ್ಮಶಾನದಲ್ಲಿ ಹುಲ್ಲು ಬೆಳೆಸಿಲ್ಲ; ನೆಲವೆಲ್ಲ ಚೂಪು ಜಲ್ಲಿಕಲ್ಲು. ಇನ್ನೊಂದು ವಿಷಯ. ತಾಯಿ ಬಾವುಟವನ್ನು ತೆಗೆದುಕೊಳ್ಳುವವರೆಗೆ ಮಂಡಿಯೂರಿದವರು ಏಳುವಂತಿಲ್ಲವಂತೆ. ಇದನ್ನು ಕೇಳಿದ ಮೇಲೆ ಅಮ್ಮ ನನ್ನೊಬ್ಬಳಿಗೇ ಹೇಳಿದ ಮಾತನ್ನು ನಾನು ಊರಿಗೆಲ್ಲ ಸಾರುತ್ತಿದ್ದೇನೆ. "ಅವ್ನು ಹೇಳೋದೆಲ್ಲಾ ಹೇಳ್ಲಿ. ನಾನು ಕೈ ಚಾಚಲ್ಲ" ಎಂದಳು.

"ಎಷ್ಟೊತ್ತಮ್ಮಾ ಹಾಗೆ?" ಎಂದು ಕೇಳಿದೆ.

"ನಂಗೇನೇ? ನಾನು ಕುರ್ಚಿ ಮೇಲೆ ಕೂತಿರ್ತೀನಿ."

ಇಂತಿ,
ಒಬ್ಬ ತಮ್ಮನಿದ್ದವಳು,
ಒತಿಲಿಯಾ ಕ್ವಿಂತಾನಾರ್
ಎಲ್ ಪಾಸೊ, ಟೆಕ್ಸಸ್