ನಿನ್ನ ಮುಖದ ಮೇಲಿನ ಗುಲಾಬಿ

ಪಾಮನಕಲ್ಲೂರು
೯ ಫೆಬ್ರವರಿ ೧೯೯೪

ಪ್ರೀತಿಯ ಆದಮ್ಮಕ್ಕಾ,

ನಿನ್ನ ಕಾಲು ಹೇಗಿವೆ? ಜವಳಗೇರಾದ ನೆಲ್ಲಿನ ಗದ್ದೆಯಲ್ಲಿ ನಿಂತು ನಿಂತು ಬೆರಳ ಸಂದಿಯೆಲ್ಲ ಹುಣ್ಣಾಗಿದೆ ಎಂದು ಅವ್ವ ಹೇಳಿ ಕಳಿಸಿದ್ದಳು. ಬೇವಿನೆಣ್ಣೆ ಹಚ್ಚುತ್ತೀಯೋ, ನಾಳೆ ನಾಳೆ ಎನ್ನುತ್ತೀಯೋ? ನಾನು ಇಲ್ಲಿ ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಕೈ ಬರುತ್ತಿಲ್ಲ. ಎರಡು ಸಾಲು ಬರೆದು ಬಾಗಿಲಿಗೆ ಹೋಗುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಅತ್ತೆ ಜೋಳದ ಹೊಲದಿಂದ ಬರುವುದರೊಳಗೆ ಮುಗಿಸಬೇಕು. ಕದ್ದು ಬರೆಯುತ್ತಿಲ್ಲ, ಅವಳೆದುರು ಬರೆದರೆ ಜಗಳದಲ್ಲಿ ಅಕ್ಷರ ಕೆಡುತ್ತವೆ, ಅಷ್ಟೆ.

ನನ್ನ ಮದುವೆಯ ವಿಡಿಯೊ ಕ್ಯಾಸೆಟ್ ಎರಡನೆಯ ಸಲ ಬಂತು. ಮೊದಲ ಸಲ ಬಂದಾಗ ಅತ್ತೆ ಯಮನಮ್ಮ ನೋಡುತ್ತಾ ಕೂತವಳು ತಾಳಿ ಕಟ್ಟುವ ಹೊತ್ತಿಗೆ ನಿನ್ನನ್ನು ಕಂಡು ಎದ್ದು ನಿಂತಳು. ಮದುವೆಯ ದಿನ ನಮ್ಮೂರು ಮುಕ್ಕುಂದದಲ್ಲಿ ನಿನ್ನನ್ನು ಒಲೆ ಮುಂದೆ ಕೂರಿಸಿದ್ದರು. ಗಂಡ ಸತ್ತವಳ ನೆರಳು ಹಂದರಕ್ಕೆ ಬೀಳಬಾರದಂತೆ. ಅವಳು ಬೇಯಿಸಿದ ಅನ್ನ ಮಾತ್ರ ಎಲ್ಲರ ಹೊಟ್ಟೆಗೆ ಇಳಿಯಬಹುದಂತೆ. ತಾಳಿ ಎತ್ತಿದಾಗಲೇ ನನ್ನ ಬಾಸಿಂಗದ ದಾರ ಸಡಿಲಾಗಿ ಕಣ್ಣಿನ ಮೇಲೆ ಜಾರಿತು. ಅಕ್ಕಿಕಾಳು ಹಿಡಿದು ನಿಂತ ಮುತ್ತೈದೆಯರಲ್ಲಿ ಒಬ್ಬಳೂ ಕೈ ಚಾಚಲಿಲ್ಲ. ನೀನು ಒಲೆ ಬಿಟ್ಟು ಓಡಿಬಂದು ಮಸಿಗೈಯಲ್ಲೇ ಬಿಗಿದು ಕಟ್ಟಿದೆ. ಅದೇ ಗಳಿಗೆಯಲ್ಲಿ ಇವರು ತಾಳಿ ಕಟ್ಟಿದರು. ಎರಡೂ ಒಂದೇ ಚಿತ್ರದಲ್ಲಿ ಬಂದಿವೆ.

ಅತ್ತೆ ನನ್ನನ್ನೂ ಎಳೆದುಕೊಂಡು ಸಿಂಧನೂರಿಗೆ ಹೋದಳು. ಆಕೀನ ತೆಗೆದುಬಿಡು ಎಂದಾಗ ವಿಡಿಯೊದ ಅಲ್ಲಾಭಕ್ಷ್ ತಲೆ ಕೆರೆದುಕೊಂಡ. "ಅಕ್ಕಿಯೊಳಗಿನ ಹಳ್ಳಲ್ಲಬೇ ಯವ್ವಾ, ಆರಿಸಿ ಒಗಿಯಾಕ. ಆಕೀನ ಕತ್ತರಿಸಿದ್ರ ತಾಳಿನೂ ಹೋಗತೈತಿ." ಕಡೆಗೆ, ಮಿಕ್ಸಿಂಗ್‌ನಲ್ಲಿ ಮುಖದ ಮೇಲೊಂದು ಹೂ ಕೂರಿಸುತ್ತೇನೆ ಎಂದ. ನಾನು ಬೇಡವೆಂದೆ. "ನಿನ್ನ ತಾಳಿ ಗಟ್ಟಿ ಇರ್ಲಿ ಅಂತ ಮಾಡಾಕತ್ತೀನಿ ಬೇ" ಎಂದಳು ಅತ್ತೆ. ಇರುವವನೊಬ್ಬ ಮಗ, ಅವಳ ಹೆದರಿಕೆ ನನಗೂ ಗೊತ್ತು. ಆದರೆ ಅವಳ ಹೆದರಿಕೆಗೆ ನಿನ್ನ ಮುಖ ಯಾಕೆ ಮುಚ್ಚಬೇಕು?

ನಿನ್ನೆ ಮಸ್ಕಿಯಿಂದ ಟಿವಿ, ವಿಸಿಆರ್ ಬಾಡಿಗೆಗೆ ತಂದರು. ಓಣಿಯೆಲ್ಲ ನಮ್ಮ ಪಡಸಾಲೆಯಲ್ಲಿ. ನೀನು ಕಾಣಿಸಿದ ಕೂಡಲೇ ತಟ್ಟೆಯಷ್ಟು ದೊಡ್ಡ ಗುಲಾಬಿ ನಿನ್ನ ಮುಖದ ಮೇಲೆ ಕೂತಿತು. ನೀನೆಲ್ಲಿ ನಿಲ್ಲುವವಳು? ನೀನು ಬಗ್ಗಿದೆ, ಹೂ ಮೇಲೇ ಉಳಿಯಿತು. ಹೂ ಕೆಳಗಿಳಿಯಿತು, ನೀನು ಎದ್ದೆ. ನಿನ್ನ ಬೆನ್ನು ಹತ್ತಿ ಓಡಿ ಓಡಿ ಕಡೆಗೆ ಮಂತ್ರ ಹೇಳುತ್ತಿದ್ದ ಅಯ್ಯನವರ ಮುಖದ ಮೇಲೆ ಹೋಗಿ ಕೂತಿತು. ಓಣಿ ಬಿದ್ದು ಬಿದ್ದು ನಕ್ಕಿತು. ಹೂವಿನಾಕೀನ ಇನ್ನೊಮ್ಮೆ ಹಾಕ್ರಿ ಎಂದು ಮಕ್ಕಳು ಗಂಟುಬಿದ್ದರು. ತಾಳಿ ಕಟ್ಟಿದ್ದನ್ನು ಯಾರೂ ನೋಡಲಿಲ್ಲ.

ಪಕ್ಕದ ಮನೆಯ ಹಸೀನಾಬೀ ಕೇಳಿದಳು, "ಆ ಹೂವಿನ ಕೆಳಗ ಯಾರದಾರಬೇ ಯಮನಮ್ಮಾ?" ಅತ್ತೆ ಸೆರಗಿನಿಂದ ಬೆವರು ಒರೆಸಿಕೊಂಡಳು. ನಾನು ಎದ್ದು ನಿಂತೆ.

"ನಮ್ಮಕ್ಕ. ನನ್ನ ಬಾಸಿಂಗ ಕಟ್ಟಿದಾಕಿ. ಗಂಡ ಸತ್ತಾನ, ಆಕಿ ಸತ್ತಿಲ್ಲ."

ನಗು ನಿಂತಿತು. ಇವರು ಎದ್ದು ಹೋಗಿ, ಕ್ಯಾಸೆಟ್ ಹಿಂದಕ್ಕೆ ಸುತ್ತಿ, ನಿನ್ನ ಮುಖ ಹೂವಿನಿಂದ ಹೊರಬಿದ್ದ ಕಡೆ ನಿಲ್ಲಿಸಿದರು. ಗೆರೆಗೆರೆಯಾಗಿ ನಡುಗುತ್ತಿತ್ತು ನಿನ್ನ ಮುಖ. ಒಲೆಯ ಝಳಕ್ಕೆ ಕೆಂಪಾಗಿತ್ತು. ಅತ್ತೆಯೂ ನೋಡಿದಳು, ಕಣ್ಣು ತಿರುಗಿಸಲಿಲ್ಲ.

ಇವರು ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ. ಹುಣ್ಣು ಒಣಗುವ ತನಕ ನೀರಿಗಿಳಿಯಬೇಡ. ನಾನು ಹೇಳಿದ್ದನ್ನು ಒಮ್ಮೆಯಾದರೂ ಕೇಳು.

ನೀನು ಎತ್ತಿ ಆಡಿಸಿದ ತಂಗಿ,
ಹೊನ್ನೂರಮ್ಮ

ಇನ್ನೊಂದು ಮಾತು. ಅತ್ತೆ ಹೊಲದ ದಾರಿಯಲ್ಲಿ ಕಾಣಿಸುತ್ತಿದ್ದಾಳೆ, ಅವಸರ. ನಾನು ಬಸುರಿ. ಹಸಿರು ಸೀರೆ ಉಡಿಸುವ ಕುಬುಸದ ಶಾಸ್ತ್ರ ಮುಕ್ಕುಂದದಲ್ಲಿ. ಮೊದಲ ಉಡಿ ನೀನೇ ತುಂಬಬೇಕು. ನಿನ್ನ ಕೈ ಮುಟ್ಟದ ಅಕ್ಕಿಗೆ ಸೆರಗು ಒಡ್ಡುವುದಿಲ್ಲ ಎಂದು ಬೆಳಿಗ್ಗೆ ಅತ್ತೆಗೆ ಹೇಳಿದ್ದೇನೆ. ಮಾತು ಬಿಟ್ಟಿದ್ದಾಳೆ, ಬೇಡ ಎಂದಂತೂ ಅಂದಿಲ್ಲ. ಅಲ್ಲಾಭಕ್ಷನಿಗೂ ಹೇಳಿ ಕಳಿಸಿದ್ದೇನೆ, ಕುಬುಸದ ವಿಡಿಯೊ ತೆಗೆಯಲು ಬರುವಾಗ ಆ ಹೂ ಅಂಗಡಿಯಲ್ಲೇ ಬಿಟ್ಟು ಬರಲಿ. ಬಂದವಳು ಮತ್ತೆ ಒಲೆ ಕಡೆ ಹೋದೆಯೋ, ನಾನೂ ಹಸಿರು ಸೀರೆ ಸಮೇತ ಅಲ್ಲೇ ಬಂದು ಕೂರುತ್ತೇನೆ.