ಹಿರಿಯ ತಾಯಿಗೆ ಹೋದ ಶಾಲು

ಸಿರಾಕ್ಯೂಸ್ ಹತ್ತಿರ, ಅಮೆರಿಕ
12-10-1995

ಅಕ್ಕಾ,

ಬಸ್ಸಿನಲ್ಲಿ ಕೂತು ಕೂತು ಸಾಕಾಗಿದೆ. ಇಂದು ನಮ್ಮ ಮೇಷ್ಟ್ರುಗಳ ತಂಡವನ್ನು ಇರಾಕ್ವಾ ಎಂಬ ಮೂಲನಿವಾಸಿಗಳ ಊರಿಗೆ ಕರೆದೊಯ್ದರು. ನಮ್ಮ ರೂಢಿಯಂತೆ ಅಲ್ಲಿನ ಮುಖಂಡನಿಗೆ ಶಾಲು ಹೊದಿಸಿದೆವು. ಆತ ಅದನ್ನು ತೆಗೆದು ಪಕ್ಕದಲ್ಲಿದ್ದ ಮುದುಕಿಗೆ ಹೊದಿಸಿದ. ಆಕೆ ಕುಲದ ಹಿರಿಯ ತಾಯಿ; ಇಲ್ಲಿ ಮುಖಂಡನನ್ನು ಆರಿಸುವವಳು ಆಕೆಯೇ ಅಂತೆ. ಅವನು ತಪ್ಪಿದರೆ ಮೂರು ಸಲ ಎಚ್ಚರಿಸುತ್ತಾಳೆ, ಆಮೇಲೆ ಅಧಿಕಾರದಿಂದ ಇಳಿಸುತ್ತಾಳೆ.

“ಮೂರ್ ಸಲ ಯೋಳ್ತಾರಾ? ಪುಣ್ಯವಂತ ಕಣಿ ಸಾ! ನಮ್ಮನೇಲಿ ಒಂದೇ ಸಲ” ಎಂದರು ಅರಕಲಗೂಡಿನ ಜವರಪ್ಪ ಮೇಷ್ಟ್ರು. ಎಲ್ಲರೂ ನಕ್ಕರು. ನನಗೆ ನಿನ್ನ ನೆನಪಾಯಿತು.

ಪಂಚಾಯಿತಿ ಅಧ್ಯಕ್ಷೆ ನೀನು. ಸಭೆಯಲ್ಲಿ ಆ ಕುರ್ಚಿಯಲ್ಲಿ ಕೂರುವವರು ಭಾವ. ಹೊರಡುವ ದಿನ ನಾನೇ, “ಭಾವ ತೋರಿಸಿದ ಕಡೆ ಸೈನ್ ಆಕ್ಬುಡಕ್ಕ, ಜಗಳ ಯಾಕೆ” ಎಂದಿದ್ದೆ. ಹಾಗೆ ಹೇಳಬಾರದಿತ್ತು. ಮುಂದಿನ ಸಭೆಗೆ ನೀನೇ ಹೋಗಿ ಕೂತುಕೋ.

ನನ್ನ ಬಿಪಿ ಮಾತ್ರೆ ಇನ್ನೂ ಹತ್ತು ದಿನಕ್ಕಿದೆ, ನಿದ್ದೆ ಮಾತ್ರ ಸರಿಯಿಲ್ಲ. ಕಾರ್ಡಿನಲ್ಲಿ ಜಾಗ ಮುಗಿಯಿತು. ಇದನ್ನು ಭಾವ ನಿನಗಿಂತ ಮೊದಲು ಓದುತ್ತಾರೆಂದು ಗೊತ್ತು. ಓದಲಿ.

ಚೆಲುವರಾಜು